ಒಂದೇ ನೆಲ, ಮೂರು ಕಡತ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಕಾವಲು, ನೀರು, ವಿದ್ಯುತ್ತು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲು ಮತ್ತು ಕುದಾಪುರದ ಹೆಸರುಗಳು ಎರಡು ಬಗೆಯ ದಾಖಲೆಗಳಲ್ಲಿ ಸಿಗುತ್ತವೆ. ಹಳೆಯ ದಾಖಲೆಗಳಲ್ಲಿ ಇವು ಅಮೃತ ಮಹಲ್ ರಾಸುಗಳ ಮೇವಿನ ನೆಲ. ಹೊಸ ದಾಖಲೆಗಳಲ್ಲಿ ಮಾನವರಹಿತ ವಿಮಾನಗಳ ಪರೀಕ್ಷಾ ನೆಲೆ, ಯುರೇನಿಯಂ ಸಮೃದ್ಧಗೊಳಿಸುವ ಘಟಕ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ, ಸೌರ ವಿದ್ಯುತ್ ಯೋಜನೆ. ಈ ಬದಲಾವಣೆ ಆದದ್ದು ಕಾನೂನನ್ನು ಮುರಿದೋ ಕಾನೂನಿನ ಒಳಗೇ ಇದ್ದ ದಾರಿಯಿಂದಲೋ ಎಂಬ ಪ್ರಶ್ನೆ ಹತ್ತು ವರ್ಷಕ್ಕೂ ಹಿಂದೆ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಬಹುಪಾಲು ಕಾನೂನಿನ ಒಳದಾರಿಯಿಂದಲೇ ಆಯಿತು ಎಂಬುದೇ ಈ ಪ್ರಕರಣದ ಸ್ವಾರಸ್ಯ.

ಸಂವಿಧಾನದ ಏಳನೆಯ ಅನುಸೂಚಿ ನೆಲ, ನೀರು, ವಿದ್ಯುತ್ತನ್ನು ಬೇರೆ ಬೇರೆ ಕಡೆ ಹಂಚಿದೆ. ಭೂಮಿ ಮತ್ತು ನೀರು ರಾಜ್ಯಪಟ್ಟಿಯಲ್ಲಿವೆ. ವಿದ್ಯುತ್ತು ಮತ್ತು ಅರಣ್ಯ ಸಮವರ್ತಿ ಪಟ್ಟಿಯಲ್ಲಿವೆ. ಅಂತರರಾಜ್ಯ ನದಿಗಳ ನಿಯಂತ್ರಣ, ರಕ್ಷಣೆ ಮತ್ತು ಪರಮಾಣು ಶಕ್ತಿ ಕೇಂದ್ರದ ಪಾಲು. ಕಾಗದದ ಮೇಲೆ ಇದು ಸರಿಯಾದ ಹಂಚಿಕೆಯೇ. ಆದರೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಶೇಂಗಾ ಮತ್ತು ಕುರಿಯನ್ನು ನಂಬಿದ ಸೀಮೆಯಲ್ಲಿ ಮೇವಿನ ನೆಲ ಹೋದರೆ ದನ ಹೋಗುತ್ತದೆ. ದನ ಹೋದರೆ ಗೊಬ್ಬರ ಹೋಗುತ್ತದೆ. ಕೊನೆಗೆ ರೈತ ಬೋರು ಕೊರೆಸಿ ತೋಟ ಮಾಡಲು ಹೊರಡುತ್ತಾನೆ. ಕಂದಾಯ ಇಲಾಖೆಯ ಕಡತದಲ್ಲಿ ಆದ ತೀರ್ಮಾನದ ಬಿಸಿ ಅಂತರ್ಜಲಕ್ಕೂ ವಿದ್ಯುತ್ ಫೀಡರಿಗೂ ತಟ್ಟುತ್ತದೆ. ಆದರೂ ಒಂದು ಇಲಾಖೆಯ ಕಡತ ಇನ್ನೊಂದರ ಮೇಜಿಗೆ ಹೋಗಲೇಬೇಕೆಂಬ ಕಟ್ಟಳೆ ಇಲ್ಲ.

ಅಮೃತ ಮಹಲ್ ವ್ಯವಸ್ಥೆಯ ಬೇರು ಮೈಸೂರು ಅರಸರ ಕಾಲದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಅಮೃತ ಮಹಲ್ ಎಂದು ಹೆಸರು ಬದಲಿಸಿದವನು ಟಿಪ್ಪು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಹಿಂಡುಗಳೇ ದಂಡಿನ ಸಾಮಾನು ಮತ್ತು ಫಿರಂಗಿಗಳನ್ನು ಎಳೆಯುವ ಎತ್ತುಗಳನ್ನೂ ಕೊಟ್ಟವು. ಈ ಹಿಂಡುಗಳಿಗಾಗಿ ಸಂಸ್ಥಾನದ ಉದ್ದಗಲಕ್ಕೂ ಕಾವಲುಗಳನ್ನು ಕಾದಿರಿಸಲಾಯಿತು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ರಾಸುಗಳು ಕಾವಲಿನಿಂದ ಕಾವಲಿಗೆ ಸಾಗುತ್ತಿದ್ದವು. ಒಂದು ಕಾವಲು ಖಾಲಿ ಇದೆ ಎಂದರೆ ಅದು ಪಾಳು ಬಿದ್ದಿದೆ ಎಂದಲ್ಲ, ಹುಲ್ಲು ಚಿಗುರಲು ಬಿಟ್ಟಿದೆ ಎಂದು. ಈ ಸರಳ ಲೆಕ್ಕವೇ ಮುಂದೆ ಆಡಳಿತದ ಕಣ್ಣಿಗೆ ಬೀಳದೆ ಹೋಯಿತು.

ಸ್ವಾತಂತ್ರ್ಯಾನಂತರ ಕಾವಲುಗಳ ಬಹುಭಾಗ ಸಾಗುವಳಿಗೆ, ಪುನರ್ವಸತಿಗೆ, ಸಂಸ್ಥೆಗಳಿಗೆ ಹಂಚಿಹೋಯಿತು. ಉಳಿದವು ಪಶುಸಂಗೋಪನಾ ಇಲಾಖೆಯ ಉಸ್ತುವಾರಿಗೆ ಬಂದವು. ಚಳ್ಳಕೆರೆ ಸೀಮೆಯಲ್ಲಿ ಇವುಗಳನ್ನು ನಿಜವಾಗಿ ಬಳಸುತ್ತ ಬಂದವರು ಸುತ್ತಲಿನ ಹಳ್ಳಿ ಹಟ್ಟಿಗಳ ಜನ. ಕುರುಬರ ಕುರಿಗಳಿಗೆ ಇದೇ ಮೇವು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬಂದದ್ದು ಈ ಹುಲ್ಲಿನಿಂದಲೇ. ಕಾಡುಗೊಲ್ಲರ ಹಟ್ಟಿಗಳಿಗೂ ಮ್ಯಾಸನಾಯಕರ ದೇವರ ಎತ್ತುಗಳಿಗೂ ಇದು ಆಸರೆ. ದೇವರ ಎತ್ತುಗಳನ್ನು ಉಳುಮೆಗೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಕಾಯುವ ಕಿಲಾರಿಗಳು ಅವನ್ನು ಮೇವು ಇರುವ ಕಡೆ ಹೊಡೆದುಕೊಂಡು ಹೋಗಬೇಕು, ಸಂಜೆ ರೊಪ್ಪಕ್ಕೆ ಕೂಡಬೇಕು. ಆದಾಯದ ಲೆಕ್ಕಕ್ಕೆ ಸಿಗದ ಇಂಥ ಹಿಂಡಿಗೆ ಸಾಮೂಹಿಕ ಹುಲ್ಲುಗಾವಲನ್ನು ಬಿಟ್ಟರೆ ಬೇರೆ ಗತಿಯಿಲ್ಲ.

ಮೇಯುವ ಹಕ್ಕಿನ ಬಗ್ಗೆ ಕಾನೂನು ಏನನ್ನುತ್ತದೆ? 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೆಯ ಕಲಮು ಸರ್ಕಾರಿ ಭೂಮಿಯನ್ನು ಗೋಮಾಳ, ಸೌದೆ ಮುಂತಾದ ಸಾರ್ವಜನಿಕ ಉದ್ದೇಶಗಳಿಗೆ ಕಾದಿರಿಸಲು ಅವಕಾಶ ಕೊಡುತ್ತದೆ. ಹಾಗೆ ಕಾದಿರಿಸಿದ್ದನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯ ಮಂಜೂರಾತಿ ಬೇಕು. 1966ರ ನಿಯಮಾವಳಿಯ 97ನೆಯ ನಿಯಮ ನೂರು ರಾಸುಗಳಿಗೆ 30 ಎಕರೆ ಉಚಿತ ಮೇವಿನ ನೆಲ ಇರಬೇಕೆನ್ನುತ್ತದೆ. ಅದೇ ನಿಯಮ ಈ ವಿಸ್ತೀರ್ಣವನ್ನು ಕಡಿಮೆ ಮಾಡುವ ಅಧಿಕಾರವನ್ನೂ ಜಿಲ್ಲಾಧಿಕಾರಿಗೆ ಕೊಟ್ಟಿದೆ. 72ನೆಯ ಕಲಮಿನ ಪ್ರಕಾರ ಗೋಮಾಳದಲ್ಲಿ ಮೇಯಿಸುವ ಹಕ್ಕು ಆ ನೆಲ ಯಾವ ಹಳ್ಳಿಗೆ ಸೇರಿದೆಯೋ ಆ ಹಳ್ಳಿಯ ರಾಸುಗಳಿಗೆ ಮಾತ್ರ. ಋತುವಿಗೆ ತಕ್ಕಂತೆ ತಾಲ್ಲೂಕು ದಾಟಿ ಬರುವ ಹಿಂಡುಗಳು ಈ ಚೌಕಟ್ಟಿನಲ್ಲಿ ಎಲ್ಲೂ ಕೂರುವುದಿಲ್ಲ. ಒಟ್ಟಿನಲ್ಲಿ ಮೇಯಿಸುವವನ ಕೈಯಲ್ಲಿರುವುದು ರೂಢಿ ಮತ್ತು ಅನುಮತಿ. ಪಹಣಿಯಲ್ಲಿ ಹೆಸರು ಮಾತ್ರ ಸರ್ಕಾರದ್ದು.

ಕಳೆದ ದಶಕಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ನೆಲದ ಬಳಕೆ ಬದಲಿಸುವ ಈ ಅಧಿಕಾರ ದೊಡ್ಡ ಪ್ರಮಾಣದಲ್ಲಿ ಚಲಾವಣೆಯಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ, ಅಂದರೆ ಡಿಆರ್‌ಡಿಒಗೆ ವರವು ಕಾವಲಿನಲ್ಲಿ 4,290 ಎಕರೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿ ಮತ್ತು ಕುದಾಪುರ ಸೇರಿ 1,810 ಎಕರೆ, ಇಸ್ರೋಗೆ 573 ಎಕರೆ, ಸೌರ ವಿದ್ಯುತ್ತಿಗಾಗಿ ಸಾಗಿಟಾರ್ ವೆಂಚರ್ಸ್ ಎಂಬ ಖಾಸಗಿ ಕಂಪನಿಗೆ 1,250 ಎಕರೆ. ಈ ಐದನ್ನೇ ಕೂಡಿದರೂ ಒಂಬತ್ತು ಸಾವಿರದ ನಾನೂರು ಎಕರೆ ದಾಟುತ್ತದೆ. ಇಷ್ಟು ನೆಲ ಒಟ್ಟಿಗೆ ಸಿಕ್ಕಿದ್ದಕ್ಕೆ ಕಾರಣ ಸರಳ. ಖಾಸಗಿ ಜಮೀನಾಗಿದ್ದರೆ ಭೂಸ್ವಾಧೀನದ ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಕೇಳಿ, ಪರಿಹಾರ ಕೊಡಬೇಕಿತ್ತು. ಸರ್ಕಾರದ ನೆಲವನ್ನು ಸರ್ಕಾರವೇ ಕೊಡುವಾಗ ಆ ಮೆಟ್ಟಿಲುಗಳು ಯಾವುವೂ ಇಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹಲವರಿಗೆ ವಿಷಯ ಖಚಿತವಾದದ್ದು ಕಾಂಪೌಂಡ್ ಗೋಡೆ ಏಳತೊಡಗಿದಾಗ.

ನೆಲ ಪಡೆದ ಸಂಸ್ಥೆಗಳು ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ವರವು ಕಾವಲಿನ ವೈಮಾನಿಕ ಪರೀಕ್ಷಾ ನೆಲೆ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿ ಇಳಿಯುವಂತೆ ಮಾಡಿದ ಪ್ರಯೋಗ 2023ರ ಏಪ್ರಿಲ್ 2ರಂದು ನಡೆದದ್ದು ಇದೇ ರನ್‌ವೇಯಲ್ಲಿ. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಅದರ ಮುಂದಿನ ಎರಡು ಪ್ರಯೋಗಗಳೂ ಇಲ್ಲೇ ಆದವು. ವಿಜ್ಞಾನ ಸಂಸ್ಥೆಯ ಕುದಾಪುರ ಆವರಣದಲ್ಲಿ ಶಾಲಾ ಕಾಲೇಜು ಶಿಕ್ಷಕರ ತರಬೇತಿ ನಡೆಯುತ್ತದೆ. ದೇಶಕ್ಕೆ ಇವು ಬೇಕು ಎಂಬುದರಲ್ಲಿ ತಕರಾರಿಲ್ಲ. ಬೆಲೆ ತೆತ್ತವರ ಲೆಕ್ಕ ಯಾರ ಬಳಿ ಇದೆ ಎಂಬುದಷ್ಟೇ ತಕರಾರು.

ಆ ಲೆಕ್ಕ ಕೇಳಿದವರು ಅಮೃತ ಮಹಲ್ ಕಾವಲು ಹಿತರಕ್ಷಣಾ ಮತ್ತು ಹೋರಾಟ ಸಮಿತಿಯವರು ಮತ್ತು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2013ರಲ್ಲಿ ಮಂಡಳಿ ಇಬ್ಬರು ತಜ್ಞರ ಸತ್ಯಶೋಧನಾ ಸಮಿತಿಯನ್ನು ಸ್ಥಳಕ್ಕೆ ಕಳಿಸಿತು. ಕಾವಲುಗಳು ಅರಣ್ಯ ನಿಯಮಗಳ ಪ್ರಕಾರ ಜಿಲ್ಲಾ ಅರಣ್ಯ, ಕೃಷ್ಣಮೃಗಕ್ಕೂ ಅಳಿವಿನಂಚಿನ ಹುಲ್ಲುಗಾವಲು ಹಕ್ಕಿಗಳಿಗೂ ನೆಲೆ, ಆದ್ದರಿಂದ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿಯಿಲ್ಲದೆ ಕೊಟ್ಟದ್ದು ತಪ್ಪು ಎಂಬುದು ಅರ್ಜಿದಾರರ ವಾದ. ಅವರ ಬೆನ್ನಿಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಿದ್ದವು. ಅರಣ್ಯ ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿ ವಿಶಾಲವಾಗಿ ಓದಬೇಕೆಂದ 1996ರ ಗೋದಾವರ್ಮನ್ ಆದೇಶ ಒಂದು. ಹಳ್ಳಿಯ ಸಾಮೂಹಿಕ ಭೂಮಿಯನ್ನು ಪರಭಾರೆ ಮಾಡಬಾರದೆಂದ 2011ರ ಜನವರಿಯ ಜಗಪಾಲ್ ಸಿಂಗ್ ತೀರ್ಪು ಇನ್ನೊಂದು.

2014ರ ಆಗಸ್ಟ್ 27ರಂದು ತೀರ್ಪು ಬಂತು. ಮಂಡಳಿ ಭೂಮಿ ಹಂಚಿಕೆಯನ್ನು ರದ್ದು ಮಾಡಲಿಲ್ಲ. ಅಗತ್ಯ ಅನುಮತಿಗಳನ್ನು ಪಡೆದು, ಷರತ್ತುಗಳಿಗೆ ಒಳಪಟ್ಟು ಯೋಜನೆಗಳು ನಡೆಯಬಹುದೆಂದಿತು. ಹಳ್ಳಿಗರಿಗೆ ಇದು ಸೋಲೋ ಅರ್ಧ ಗೆಲುವೋ ಎಂಬ ಚರ್ಚೆ ನಡೆದೇ ಇದೆ. ಆದರೆ ಕಾನೂನಿನ ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಪ್ರಕರಣ ಚೆನ್ನಾಗಿ ತೋರಿಸಿತು. ಹಸಿರು ನ್ಯಾಯಮಂಡಳಿಯ ಕಾಯ್ದೆ ತನ್ನ ಅನುಸೂಚಿಯಲ್ಲಿ ಏಳು ಕಾನೂನುಗಳನ್ನು ಹೆಸರಿಸುತ್ತದೆ. ಜಲ ಮಾಲಿನ್ಯ, ವಾಯು ಮಾಲಿನ್ಯ, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಮೊದಲಾದವು ಅದರಲ್ಲಿವೆ. ಭೂಕಂದಾಯ ಅಧಿನಿಯಮ ಅದರಲ್ಲಿಲ್ಲ. ಕಾವಲನ್ನು ಕೊಡಬಹುದೇ ಎಂಬ ಮೂಲ ಪ್ರಶ್ನೆಗೆ ಉತ್ತರ ಕಂದಾಯ ಕಾನೂನಿನಲ್ಲಿದೆ. ಕೊಟ್ಟ ಮೇಲೆ ಆಗುವ ಹಾನಿಯನ್ನಷ್ಟೇ ಪರಿಸರ ಕಾನೂನು ಅಳೆಯುತ್ತದೆ.

ಆ ಅಳತೆಗೂ ವಿನಾಯಿತಿಗಳುಂಟು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ರಾಷ್ಟ್ರೀಯ ರಕ್ಷಣೆ ಮತ್ತು ಭದ್ರತೆಗೆ ಸಂಬಂಧಿಸಿದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಬೇಕಿಲ್ಲ. ಸೌರ ಮತ್ತು ಪವನ ವಿದ್ಯುತ್ ಯೋಜನೆಗಳ ಹೆಸರು ಅದರ ಅನುಸೂಚಿಯಲ್ಲೇ ಇಲ್ಲ. ಹೊಗೆ ಇಲ್ಲದಿದ್ದರೆ ಹಾನಿಯೂ ಇಲ್ಲ ಎಂಬುದು ಇದರ ಹಿಂದಿರುವ ಗ್ರಹಿಕೆ. ಸಾವಿರ ಎಕರೆ ಹುಲ್ಲುಗಾವಲಿಗೆ ಬೇಲಿ ಬಿದ್ದರೆ ಗಾಳಿ ಕೆಡುವುದಿಲ್ಲ, ನಿಜ. ಆದರೆ ಕುರಿ ಮೇಯುವುದು ನಿಲ್ಲುತ್ತದೆ.

ಇದೇ ಸೀಮೆಯಲ್ಲಿ ಕಾನೂನು ಗಟ್ಟಿಯಾಗಿ ಕಾವಲು ನಿಂತ ನೆಲವೂ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಉತ್ಖನನ ಮಾಡಿದರು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ವಲಯ. ಎರಡು ಸಾವಿರದ ಇನ್ನೂರು ವರ್ಷದ ಬರಹಕ್ಕೆ ಇಂಥ ರಕ್ಷಣೆ ಸಿಕ್ಕದ್ದು ಒಳ್ಳೆಯದೇ. ಮುನ್ನೂರು ವರ್ಷದ ಹುಲ್ಲುಗಾವಲಿಗೆ ಒಂದು ಮೀಟರಿನ ರಕ್ಷಣೆಯೂ ಕಾಯ್ದೆಯಲ್ಲಿ ಬರೆದಿಲ್ಲ.

ವಿದ್ಯುತ್ತಿನ ಕಡತದ ಮೂಲ 2003ರ ವಿದ್ಯುತ್ ಕಾಯ್ದೆ. ನವೀಕರಿಸಬಹುದಾದ ಮೂಲಗಳಿಂದ ಇಂತಿಷ್ಟು ವಿದ್ಯುತ್ತನ್ನು ಕೊಳ್ಳಲೇಬೇಕೆಂದು ಸರಬರಾಜು ಕಂಪನಿಗಳಿಗೆ ವಿಧಿಸುವ ಹೊಣೆ ಅದರ 86ನೆಯ ಕಲಮಿನಿಂದ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಬಂತು. ಕೊಳ್ಳುವುದು ಕಡ್ಡಾಯವಾದ ಮೇಲೆ ಗಾಳಿ, ಬಿಸಿಲು ಧಾರಾಳವಾಗಿರುವ ಒಣ ತಾಲ್ಲೂಕುಗಳ ಮೇಲೆ ಉತ್ಪಾದಕರ ಕಣ್ಣು ಬಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತವು. 2014ರ ರಾಜ್ಯ ಸೌರ ನೀತಿಯ ನಂತರ ಬಯಲಿನಲ್ಲಿ ಫಲಕಗಳು ಹರಡಿದವು.

ಪಕ್ಕದ ಪಾವಗಡದಲ್ಲಿ ಇದೇ ಕೆಲಸ ಬೇರೆ ರೀತಿಯಲ್ಲಿ ಆಯಿತು. ಸುಮಾರು 13,000 ಎಕರೆಯ, 2,050 ಮೆಗಾವಾಟ್ ಸಾಮರ್ಥ್ಯದ ಆ ಸೌರ ಪಾರ್ಕಿಗೆ ರೈತರ ಜಮೀನನ್ನು ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಜಮೀನು ಇದ್ದವನಿಗೆ ಮಳೆ ಬಂದರೂ ಬಾರದಿದ್ದರೂ ಬರುವ ದುಡ್ಡು ಇದು. ಜಮೀನಿಲ್ಲದ ಕೂಲಿಗೆ ಮತ್ತು ಕೊಯ್ಲಾದ ಹೊಲದಲ್ಲಿ ಕುರಿ ಬಿಡುತ್ತಿದ್ದವನಿಗೆ ಗುತ್ತಿಗೆಯ ಕರಾರಿನಲ್ಲಿ ಸಾಲೂ ಇಲ್ಲ, ಸಹಿಯೂ ಇಲ್ಲ. ಚಳ್ಳಕೆರೆಯ ಕಾವಲಿನಲ್ಲಂತೂ ಬಳಸುವವರೆಲ್ಲರೂ ಈ ಎರಡನೆಯ ಗುಂಪಿನವರೇ. ಪಹಣಿ ಇದ್ದವನಿಗೆ ಬಾಡಿಗೆ, ರೂಢಿ ಇದ್ದವನಿಗೆ ಬೇಲಿ: ಎರಡು ತಾಲ್ಲೂಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾಣುವ ವ್ಯತ್ಯಾಸ ಇದು.

ತಂತಿ ಎಳೆಯುವಾಗಲೂ ನಿಯಮ ಇದೇ ಜಾಡು ಹಿಡಿಯುತ್ತದೆ. ಪ್ರಸರಣ ಗೋಪುರ ನಿಂತ ಜಾಗಕ್ಕೆ ಜಮೀನಿನ ಬೆಲೆಯ ಶೇ 85ರಷ್ಟು ಪರಿಹಾರ ಕೊಡಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2015ರಲ್ಲಿ ಹೇಳಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇ 200ಕ್ಕೆ ಏರಿಸಿ, ತಂತಿಯ ಕೆಳಗಿನ ಪಟ್ಟಿಗೆ ಶೇ 30 ಎಂದಿತು. ಸುಧಾರಣೆಯೇ ಸರಿ. ಆದರೆ ಕೊಡುವುದು ಹಿಡುವಳಿದಾರನಿಗೆ.

ನೀರಿನ ಕಡತ ಎಲ್ಲಕ್ಕಿಂತ ದಪ್ಪ. ಚಳ್ಳಕೆರೆ ತಾಲ್ಲೂಕಿನ ಮೂಲಕ ಹರಿಯುವ ವೇದಾವತಿ ಆಂಧ್ರದ ಅನಂತಪುರ ಸೀಮೆಗೆ ಇಳಿದು, ಮತ್ತೆ ಬಳ್ಳಾರಿ ಕಡೆ ತಿರುಗಿ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಮೈಸೂರು ಸಂಸ್ಥಾನ ಈ ನದಿಗೆ ಹೊಸ ಅಣೆ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಬೇಕೆಂದು 1892ರ ಒಪ್ಪಂದ ಹೇಳಿತು. ಆ ಕರಾರಿನೊಳಗೇ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. 30 ಟಿಎಂಸಿ ಸಾಮರ್ಥ್ಯದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದು ಜಲಾಶಯ ತುಂಬಲು 89 ವರ್ಷ ಕಾಯುವ ಕಣಿವೆಯಲ್ಲಿ ನೀರಿನ ಹಂಚಿಕೆ ಎಷ್ಟು ಬಿಗುವಿನ ವಿಷಯ ಎಂದು ಬೇರೆ ಹೇಳಬೇಕಿಲ್ಲ. ಕೃಷ್ಣಾ ನದಿ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯೂ ವೇದಾವತಿ ಉಪಕಣಿವೆಯಲ್ಲಿ ಕರ್ನಾಟಕ ಬಳಸಬಹುದಾದ ನೀರಿಗೆ ಮಿತಿ ಹಾಕಿತು. ಜಲಾಶಯದಿಂದ ಚಳ್ಳಕೆರೆಯ ಕಡೆಗೆ ನದಿಗೆ ನೀರು ಬಿಡುವ ಮಾತು ಬಂದಾಗಲೆಲ್ಲ ಹಿರಿಯೂರಿನ ಅಚ್ಚುಕಟ್ಟು ರೈತರು ಎದ್ದು ನಿಲ್ಲುವುದಕ್ಕೆ ಕಾರಣ ಇದೇ ಕೊರತೆ.

ಹೊರಗಿನಿಂದ ನೀರು ತರುವ ದೊಡ್ಡ ಭರವಸೆ ಭದ್ರಾ ಮೇಲ್ದಂಡೆ ಯೋಜನೆ. ತುಂಗಾದಿಂದ 17.4 ಟಿಎಂಸಿಯನ್ನು ಭದ್ರಾಕ್ಕೆ ಎತ್ತಿ, ಅದಕ್ಕೆ ಭದ್ರಾದ್ದೇ 12.5 ಸೇರಿಸಿ, ಒಟ್ಟು 29.9 ಟಿಎಂಸಿಯಿಂದ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಕೊಡುವುದು, 367 ಕೆರೆ ತುಂಬಿಸುವುದು ಅದರ ಗುರಿ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆಯಾದ ಹಣ ಬಿಡುಗಡೆಯಾಗಲಿಲ್ಲ ಎಂದು ರಾಜ್ಯ ಸರ್ಕಾರ ಅಂದಿನಿಂದ ದೂರುತ್ತ ಬಂತು. ಕುಡಿಯುವ ನೀರಿಗೆ ಮೊಳಕಾಲ್ಮುರು, ಚಳ್ಳಕೆರೆ, ಪಾವಗಡ, ಕೂಡ್ಲಿಗಿ ಭಾಗಗಳು ತುಂಗಭದ್ರಾ ಹಿನ್ನೀರಿನ ಕೊಳವೆಯನ್ನು ನಂಬಿವೆ. ಇಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಆ ಕೊಳವೆ ಅನಿವಾರ್ಯ.

ಕಾಲುವೆ ಬರುವವರೆಗೆ ರೈತ ನೆಚ್ಚಿದ್ದು ಬೋರನ್ನು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ನೆರಳಿನಲ್ಲಿ ಬೆಳೆದ ಕಾನೂನಿನ ಪ್ರಕಾರ ನೆಲದ ಒಡೆಯನಿಗೆ ಅದರ ಕೆಳಗಿನ ನೀರನ್ನು ಎತ್ತುವ ಹಕ್ಕುಂಟು. ಅಂತರ್ಜಲಕ್ಕೆ ಸರ್ವೆ ಕಲ್ಲು ಗೊತ್ತಿಲ್ಲ ಎಂಬುದು ಕಾನೂನಿಗೆ ಅರ್ಥವಾಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅತಿಬಳಕೆಯ ತಾಲ್ಲೂಕುಗಳನ್ನು ಅಧಿಸೂಚಿಸಿ, ಅಲ್ಲಿ ಅನುಮತಿಯಿಲ್ಲದೆ ಬಾವಿ ತೋಡಬಾರದು, ಇರುವುದನ್ನು ನೋಂದಾಯಿಸಬೇಕು ಎಂದಿತು. ಚಳ್ಳಕೆರೆ ಅತಿಬಳಕೆಯ ತಾಲ್ಲೂಕು. ಇತ್ತ 2008ರಿಂದ 10 ಅಶ್ವಶಕ್ತಿವರೆಗಿನ ಕೃಷಿ ಪಂಪುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ತು ಉಚಿತ. ಒಂದು ಇಲಾಖೆ ನೀರೆತ್ತಲು ಅನುಮತಿ ಕೇಳು ಎನ್ನುತ್ತದೆ, ಇನ್ನೊಂದು ಎತ್ತಲು ವಿದ್ಯುತ್ತನ್ನು ಪುಕ್ಕಟೆ ಕೊಡುತ್ತದೆ. ಬರದ ನಾಡಿನ ರೈತನಿಗೆ ಉಚಿತ ವಿದ್ಯುತ್ತು ತಪ್ಪೆನ್ನುವುದು ಸಲ್ಲದು. ಎರಡು ನೀತಿಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡದಿರುವುದು ತಪ್ಪು. ಕೆರೆಗಳ ವಿಷಯದಲ್ಲೂ ಇದೇ ಹರಕು: 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಆ ಕೆರೆಗೆ ನೀರು ಹರಿದು ಬರುವ ಹುಲ್ಲುಗಾವಲು ಇನ್ನಾರಿಗೋ.

ಹೊರದೇಶಗಳಲ್ಲೂ ಈ ಜಗಳ ಇದೆ. ಕೆನಡಾದಲ್ಲಿ ನೈಸರ್ಗಿಕ ಸಂಪತ್ತಿನ ಒಡೆತನ ಬಹುಪಾಲು ಪ್ರಾಂತ್ಯಗಳದ್ದು. 1930ರ ದಶಕದ ಬರದಲ್ಲಿ ಮಣ್ಣು ಹಾರಿಹೋದ ಪ್ರೇರಿ ಬಯಲನ್ನು ಉಳಿಸಲು 1935ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರ ವಿಶೇಷ ಆಡಳಿತವನ್ನೇ ಸ್ಥಾಪಿಸಿತು. ಅದು ನಡೆಸಿಕೊಂಡು ಬಂದ ಸಾಮೂಹಿಕ ಹುಲ್ಲುಗಾವಲುಗಳಿಂದ ಕೈ ತೊಳೆದುಕೊಳ್ಳಲು 2012ರಲ್ಲಿ ತೀರ್ಮಾನವಾಯಿತು. ಆಲ್ಬರ್ಟಾ ಪ್ರಾಂತ್ಯ 2023ರ ಆಗಸ್ಟಿನಲ್ಲಿ ಹೊಸ ಸೌರ ಮತ್ತು ಪವನ ಯೋಜನೆಗಳ ಮಂಜೂರಾತಿಯನ್ನು ಸುಮಾರು ಏಳು ತಿಂಗಳು ನಿಲ್ಲಿಸಿತು. ಉತ್ತಮ ದರ್ಜೆಯ ಕೃಷಿಭೂಮಿಯಲ್ಲಿ ಬೆಳೆ ಅಥವಾ ಜಾನುವಾರು ಜೊತೆಗೆ ಬಾಳಬಲ್ಲವು ಎಂದು ತೋರಿಸದ ಹೊರತು ನವೀಕರಿಸಬಹುದಾದ ಇಂಧನ ಯೋಜನೆಗಳಿಗೆ ಅವಕಾಶವಿಲ್ಲ ಎಂದು ಆಮೇಲೆ ಹೇಳಿತು. ಹೂಡಿಕೆದಾರರು ಕೂಗೆಬ್ಬಿಸಿದರು. ಮೂಲನಿವಾಸಿಗಳ ಹಕ್ಕು ಕೋರ್ಟಿನಲ್ಲಿ ಸಾಬೀತಾಗುವ ಮೊದಲೇ, ಆ ಹಕ್ಕಿಗೆ ಧಕ್ಕೆ ತರಬಹುದಾದ ತೀರ್ಮಾನಕ್ಕೆ ಮುನ್ನ ಸರ್ಕಾರ ಅವರೊಂದಿಗೆ ಸಮಾಲೋಚಿಸಬೇಕೆಂದು 2004ರ ಹೈಡಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಿಧಿಸಿದೆ. ಚಳ್ಳಕೆರೆಯ ಕಾವಲಿಗೆ ಇಲ್ಲದೆ ಹೋದದ್ದು ಇಂಥ ಹೊಣೆಯೇ.

ಭಾರತದಲ್ಲಿ ಅದಕ್ಕೆ ಹತ್ತಿರದ ಕಾನೂನು 2006ರ ಅರಣ್ಯ ಹಕ್ಕು ಕಾಯ್ದೆ. ಮೇಯಿಸುವ ಹಕ್ಕನ್ನೂ ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಬಂದುಹೋಗುವ ಹಕ್ಕನ್ನೂ ಅದು ಹೆಸರಿಟ್ಟು ಒಪ್ಪುತ್ತದೆ. ಎರಡು ತೊಡಕುಗಳಿವೆ. ಮೊದಲನೆಯದು, ಕಾವಲು ಅರಣ್ಯಭೂಮಿ ಎಂದು ಮೊದಲು ಒಪ್ಪಿತವಾಗಬೇಕು. ಎರಡನೆಯದು, ಪರಿಶಿಷ್ಟ ಪಂಗಡದವರಾದ ಮ್ಯಾಸನಾಯಕರು 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸವನ್ನು ತೋರಿಸಿದರೆ ಸಾಕು, ಆ ಪಟ್ಟಿಯಲ್ಲಿಲ್ಲದ ಗೊಲ್ಲರು ಮತ್ತು ಕುರುಬರು ಅಲ್ಲಿಂದ ಹಿಂದಕ್ಕೆ 75 ವರ್ಷದ ವಾಸವನ್ನು ತೋರಿಸಬೇಕು. ಒಂದೇ ಹುಲ್ಲು ಮೇಯಿಸಿದ ಇಬ್ಬರು ನೆರೆಯವರಿಗೆ ಎರಡು ಬಗೆಯ ಸಾಕ್ಷ್ಯ.

ಹೊಸ ಕಾಯ್ದೆ ಬರುವವರೆಗೂ ಕಾಯಬೇಕಾದ ಅಗತ್ಯವಿಲ್ಲದ ಒಂದು ಕೆಲಸ ಉಳಿದಿದೆ. ಜಾನುವಾರು ಗಣತಿಯ ಸಂಖ್ಯೆ ಸರ್ಕಾರದ ಬಳಿಯೇ ಇದೆ. ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ ತಹಶೀಲ್ದಾರರ ಕಚೇರಿಯಲ್ಲಿದೆ. ನೂರು ರಾಸಿಗೆ 30 ಎಕರೆ ಎಂಬ ಲೆಕ್ಕದಂತೆ ಪ್ರತಿ ಹಳ್ಳಿಗೆ ಎಷ್ಟು ಬೇಕು, ಎಷ್ಟು ಉಳಿದಿದೆ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯತಿಯ ಗೋಡೆಗೆ ಹಾಕುವುದಕ್ಕೆ ಯಾವ ತಿದ್ದುಪಡಿಯೂ ಬೇಡ. ಹಾಕದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹಳ್ಳಿಗರು ಮುಂದಿನ ಗೋಡೆ ಏಳುವ ಮೊದಲೇ ಅದನ್ನು ಕೇಳಿ ಪಡೆಯುವುದು ಒಳ್ಳೆಯದು.